ಒಕ್ಕಲು: ಮನೆ ನಮ್ಮದು, ನೆಲ ಯಾರದ್ದು?

2010ರ ಬೇಸಿಗೆಯಲ್ಲಿ ಮನೆಪಟ್ಟಿ ಮಾಡಲು ಶಾಲೆಯ ಮಾಷ್ಟ್ರೊಬ್ಬರು ಕುಂದಾಪುರ ಸೀಮೆಯ ನಮ್ಮ ಹಳ್ಳಿಗೆ ಬಂದಿದ್ದರು. 2011ರ ಜನಗಣತಿಯ ಮೊದಲ ಹಂತ ಅದು. ನಾನು ರಜೆಯಲ್ಲಿ ಊರಿಗೆ ಹೋಗಿದ್ದೆ. ಗದ್ದೆಯಂಚು ದಾಟಿ ಮನೆಯಿಂದ ಮನೆಗೆ ದಾರಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಗೋಡೆ ಯಾವುದರದ್ದು, ಮಾಡು ಯಾವುದರದ್ದು, ನೀರು ಎಲ್ಲಿಂದ ಎಂಬ ಪ್ರಶ್ನೆಗಳ ನಡುವೆ ಒಂದು ಪ್ರಶ್ನೆ ಇತ್ತು: ಮನೆ ಸ್ವಂತದ್ದೋ, ಬಾಡಿಗೆಯದ್ದೋ, ಇತರೆಯೋ?

ನಮ್ಮ ಮನೆಯಲ್ಲಿ ಅಮ್ಮಮ್ಮ ತಡವರಿಸದೆ "ಸ್ವಂತದ್ದೇ" ಅಂದರು. ನಮ್ಮ ತೋಟದಾಚೆ, ಗುಡ್ಡೆಯ ಬುಡದಲ್ಲಿ ಇನ್ನೊಂದು ಮನೆಯಿದೆ. ಮೂರು ಅಂಕಣದ ಮಣ್ಣಿನ ಮನೆ. ಅಲ್ಲಿಯ ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಮಾಷ್ಟ್ರ ಕಡೆ ತಿರುಗಿ, "ಮನಿ ನಮ್ದೇ, ಜಾಗ ಒಡೇರ್ದ್" ಅಂದಳು. ಮಾಷ್ಟ್ರು 'ಸ್ವಂತ' ಎಂದು ಬರೆದುಕೊಂಡರು. ಅವರ ತಪ್ಪೇನೂ ಇರಲಿಲ್ಲ. ನಮೂನೆಯಲ್ಲಿ ಮನೆ ಯಾರದ್ದೆಂಬ ಪ್ರಶ್ನೆಯಿತ್ತು, ಅದು ನಿಂತ ನೆಲ ಯಾರದ್ದೆಂಬ ಪ್ರಶ್ನೆ ಇರಲಿಲ್ಲ.

ಆ 'ಒಡೇರು' ನಾವು. ಅದು ನನಗೆ ಅರ್ಥವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು.

ಆ ಜನಗಣತಿಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ನೂರಕ್ಕೆ 94.7 ಕುಟುಂಬಗಳು ಸ್ವಂತ ಮನೆಯಲ್ಲಿವೆ. ಬಾಡಿಗೆ ಮನೆಯಲ್ಲಿರುವವು 3.4 ಮಾತ್ರ. ಪಟ್ಟಣಗಳಲ್ಲಾದರೆ ಸ್ವಂತ ಮನೆ 69.2, ಬಾಡಿಗೆ 27.5. ಅಂಕಿ ನೋಡಿದರೆ ಹಳ್ಳಿ ಮನೆಯೊಡೆಯರ ಸ್ವರ್ಗ, ಪಟ್ಟಣ ಬಾಡಿಗೆದಾರರ ಸಂತೆ. ಆದರೆ ಗುಡ್ಡೆ ಬುಡದ ಆ ಅಜ್ಜಿಯೂ ಈ 94.7ರ ಒಳಗೇ ಇದ್ದಾಳೆ. ಆಕೆ ಹಾಗೆ ಒಳಗೆ ಸೇರಿದ್ದು ಹೇಗೆಂದು ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

*

ಕನ್ನಡದಲ್ಲಿ 'ಒಕ್ಕಲು' ಎಂಬ ಶಬ್ದವೊಂದೇ ಈ ಇತಿಹಾಸದ ಅರ್ಧ ಭಾಗವನ್ನು ಹೊತ್ತುಕೊಂಡಿದೆ. ಒಕ್ಕಲು ಎಂದರೆ ಒಂದು ಮನೆತನ, ಒಂದು ಬಿಡಾರ. 'ಆ ಊರಿನಲ್ಲಿ ನೂರು ಒಕ್ಕಲು' ಎಂದರೆ ನೂರು ಮನೆ. ಒಕ್ಕಲುತನ ಎಂದರೆ ಬೇಸಾಯ. ಒಡೆಯನ ಭೂಮಿಯನ್ನು ಗೇಣಿಗೆ ಮಾಡುವವನೂ ಒಕ್ಕಲು. ಹೊಸ ಮನೆಗೆ ಹಾಲುಕ್ಕಿಸಿ ಹೋಗುವುದು ನಮ್ಮ ಕಡೆ 'ಮನೆ ಒಕ್ಲು', ತುಳುವಿನಲ್ಲಿ 'ಇಲ್ಲ್ ಒಕ್ಕೆಲ್'. ಅದೇ ಮನೆಯಿಂದ ಹೊರಗೆ ಹಾಕುವುದು 'ಒಕ್ಕಲೆಬ್ಬಿಸುವುದು'.

ವಾಸ, ಬೇಸಾಯ, ಅಧೀನತೆ, ಸಂಭ್ರಮ, ಬೀದಿಪಾಲು ಎಲ್ಲಕ್ಕೂ ಒಂದೇ ಬೇರು. ಹಾಗಾಗಿ 'ಸ್ವಂತವೋ ಬಾಡಿಗೆಯೋ' ಎಂಬ ಎರಡು ಕೋಣೆಯ ಪ್ರಶ್ನೆಗೆ ಹಳ್ಳಿಯ ಉತ್ತರ ಸರಿಯಾಗಿ ಕೂರುವುದಿಲ್ಲ. ಬಾಡಿಗೆ ಎಂದರೆ ತಿಂಗಳಿಗಿಷ್ಟು ಹಣ. ಒಕ್ಕಲಿಗೆ ಹಾಗೆ ತಿಂಗಳ ಲೆಕ್ಕವಿರಲಿಲ್ಲ. ಅವನು ಕೊಡುತ್ತಿದ್ದುದು ಅಕ್ಕಿಯಲ್ಲಿ, ಆಳುತನದಲ್ಲಿ, ಹಬ್ಬಕ್ಕೆ ತಲುಪಿಸುವ ಬಾಳೆಗೊನೆಯಲ್ಲಿ, ಒಡೆಯರ ಮನೆಯ ಮದುವೆಗೆ ಸೀಳುವ ಸೌದೆಯಲ್ಲಿ.

ಮನೆ ಮತ್ತು ಮನೆ ಜಾಗಗಳ ಲೆಕ್ಕವಾದರೂ ನಮ್ಮಲ್ಲಿ ಹೊಸದಲ್ಲ. ಶಾಸನಗಳಲ್ಲಿ ದಾನ ಕೊಟ್ಟ ಮನೆ, ನಿವೇಶನಗಳ ಉಲ್ಲೇಖ ಬೇಕಾದಷ್ಟಿವೆ. ಮನೆದೆರೆ, ಮನೆವಣ ಎಂಬ ಹೆಸರಿನ ತೆರಿಗೆಗಳೂ ಬರುತ್ತವೆ. ಬಯಲುಸೀಮೆಯ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಕ್ಷೌರಿಕ, ಅಗಸ ಮುಂತಾದ ಆಯಗಾರರಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಿಗುತ್ತಿತ್ತು. ಅವರ ವಾಸವೂ ಆ ಸೇವೆಯ ಜೊತೆಗೇ ಹೆಣೆದುಕೊಂಡಿತ್ತು. ಕೆಲಸ, ಆಯ, ಮನೆ ಮೂರೂ ಒಂದೇ ಕಟ್ಟು.

ಆದರೆ ಬಯಲುಸೀಮೆಗೂ ಕರಾವಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬಯಲಿನ ಹಳ್ಳಿಯಲ್ಲಿ ಮನೆಗಳು ಒತ್ತೊತ್ತಾಗಿ ಒಂದೇ ಕಡೆ. ಅದು ಗ್ರಾಮಠಾಣೆ, ಉತ್ತರ ಕರ್ನಾಟಕದವರ ಬಾಯಲ್ಲಿ ಗಾಂವಠಾಣ. ಹೊಲಗಳು ಅದರ ಸುತ್ತ. ಒಬ್ಬ ಗೇಣಿದಾರ ಹೊಲ ಕಳೆದುಕೊಂಡರೂ ಊರೊಳಗಿನ ಅವನ ಮನೆ ಸಾಮಾನ್ಯವಾಗಿ ಉಳಿಯುತ್ತಿತ್ತು. ಊರ ಹೊರಗಿನ ಕೇರಿಗೆ ತಳ್ಳಲ್ಪಟ್ಟವರ ಕಥೆ ಬೇರೆ, ಅವರಿಗೆ ಠಾಣೆಯ ಒಳಗೇ ಜಾಗವಿರಲಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಾದರೋ ಊರು ಎಂಬ ಗುಂಪೇ ಇಲ್ಲ. ಗದ್ದೆಯ ಬದಿಗೆ ಒಂದು, ತೋಟದ ತಲೆಗೆ ಒಂದು ಎಂದು ಮನೆಗಳು ಚದುರಿ ನಿಂತಿವೆ. ಪ್ರತಿ ಮನೆಯೂ ಯಾರದ್ದೋ ಹಿಡುವಳಿಯೊಳಗೆ. ಇಲ್ಲಿ ಗದ್ದೆ ಹೋದರೆ ಮನೆಯೂ ಹೋಯಿತು. 'ಒಕ್ಕಲೆಬ್ಬಿಸು' ಎಂಬ ಮಾತಿಗೆ ನಮ್ಮ ಕಡೆ ಇದ್ದ ಹೆದರಿಕೆಯ ಮೂಲ ಇದು.

*

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಭೂಮಿಯ ಖಾತೆ ಇದ್ದವನು ವರ್ಗದಾರ. ಅವನ ಕೆಳಗೆ ಗೇಣಿದಾರರು. ಮೂಲಗೇಣಿಯವನ ಸ್ಥಿತಿ ಗಟ್ಟಿ. ಗೇಣಿ ನಿಗದಿ, ಹಕ್ಕು ವಂಶಪಾರಂಪರ್ಯ, ಬೇಕಾದರೆ ಮಾರಲೂಬಹುದು. ವಾಯಿದೆಗೇಣಿಯವನಿಗೆ ಇಂತಿಷ್ಟು ವರ್ಷ ಎಂಬ ಕರಾರು. ಚಾಲಗೇಣಿಯವನಿಗೆ ಅದೂ ಇಲ್ಲ. ಒಡೆಯನ ಮನಸ್ಸಿದ್ದಷ್ಟು ದಿನ ಅವನು ಒಕ್ಕಲು. ಗೇಣಿ ಮುಡಿ ಲೆಕ್ಕದಲ್ಲಿ: ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳು ಗಾಡಿಯಲ್ಲೋ ದೋಣಿಯಲ್ಲೋ ಒಡೆಯನ ಅಂಗಳ ಸೇರಬೇಕು.

ನನ್ನ ಅಜ್ಜ ಚಾಲಗೇಣಿ ಒಕ್ಕಲು. ಅವರ ಮನೆಗೆ 1970ರ ದಶಕದವರೆಗೂ ಮುಳಿಹುಲ್ಲಿನ ಮಾಡು. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಂಗಳೂರು ಹೆಂಚು ಹಡಗು ಹತ್ತಿ ದೂರದೂರದ ದೇಶಗಳಿಗೆ ಹೋಯಿತು. ಅದೇ ಜಿಲ್ಲೆಯ ನಮ್ಮ ಮನೆಗೆ ಬರಲು ಅದಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಬಡತನ ಒಂದು ಕಾರಣ. ಇನ್ನೊಂದನ್ನು ಅಮ್ಮಮ್ಮ ಹೇಳುತ್ತಿದ್ದರು: "ಹಂಚ್ ಹೊದ್ಸುಕೆ ಒಡೇರ್ ಬಿಡೂದಿಲ್ಲ." ಹುಲ್ಲಿನ ಮಾಡು ತಾತ್ಕಾಲಿಕ, ಹೆಂಚು ಶಾಶ್ವತ. ಒಕ್ಕಲು ಗಟ್ಟಿ ಮನೆ ಕಟ್ಟಿದರೆ ಅವನ ಕಾಲೂ ಗಟ್ಟಿಯಾಗಿ ಊರುತ್ತದೆ ಎಂಬುದು ಒಡೆಯರಿಗೆ ಗೊತ್ತಿತ್ತು. ಮಣ್ಣು ಕಲಸಿ ಗೋಡೆ ಎಬ್ಬಿಸಿದವರು ಅಜ್ಜ, ವರ್ಷ ವರ್ಷ ಹುಲ್ಲು ಹೊದೆಸಿದವರು ಅಜ್ಜ. ಆದರೂ ಆ ಮನೆಯ ಮಾಡು ಯಾವುದರದ್ದಾಗಬೇಕೆಂದು ನಿರ್ಧರಿಸುವವರು ಬೇರೆಯವರು.

ಅದಕ್ಕೂ ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಚೋಮನ ಆಸೆ ದೊಡ್ಡದೇನಲ್ಲ. ಅವನಿಗೆ ಬೇಕಾದದ್ದು ಬೇಸಾಯ ಮಾಡಲು ಒಂದು ತುಂಡು ಗದ್ದೆ. ಗೇಣಿಗೆ ಸಿಕ್ಕರೂ ಸಾಕಿತ್ತು. ನನ್ನ ಅಜ್ಜ ಯಾವ ಸ್ಥಿತಿಯಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದರೋ ಆ ಸ್ಥಿತಿಯೇ ಚೋಮನಿಗೆ ಕನಸು. ಕಾದಂಬರಿಯನ್ನು ಕಾಲೇಜಿನಲ್ಲಿ ಓದಿದಾಗ ಇದು ಹೊಳೆದಿರಲಿಲ್ಲ. ನಮ್ಮ ತೋಟದಾಚೆಯ ಮನೆಯವರು ಚೋಮನ ಮೆಟ್ಟಿಲಿನವರು. ಆ ಅಜ್ಜಿ ಮದುವೆಯಾಗಿ ಬಂದದ್ದು 1960ರ ಸುಮಾರಿಗೆ. ಗಂಡ ನಮ್ಮ ಅಜ್ಜನ ಗದ್ದೆಯ ಆಳು. ಗುಡ್ಡೆಯ ಬುಡದಲ್ಲಿ ಬಿಡಾರ ಕಟ್ಟಿಕೊಳ್ಳಲು ಜಾಗ ತೋರಿಸಿದವರು ಅಜ್ಜನೇ. ಅಂದರೆ ವರ್ಗದಾರನ ನೆಲದಲ್ಲಿ ಅಜ್ಜ ಒಕ್ಕಲು, ಅಜ್ಜನ ಒಕ್ಕಲುತನದ ಅಂಚಿನಲ್ಲಿ ಅವರು ಒಕ್ಕಲು.

*

ಗೇಣಿದಾರರ ಹೋರಾಟದ ಕಥೆ ಕನ್ನಡ ಓದುಗರಿಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳ ಸತ್ಯಾಗ್ರಹವಾಯಿತು. ದೀವರ ಗೇಣಿದಾರರ ಜೊತೆ ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ 1961ರ ಭೂಸುಧಾರಣಾ ಕಾಯ್ದೆ ಬಂತು, ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ ವಶಕ್ಕೆ ಬಂತು. ಅದನ್ನು ಉಳುತ್ತಿದ್ದವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ ಒಡೆತನ ಕೇಳಬೇಕು. ತಾಲೂಕು ಮಟ್ಟದ ಭೂ ನ್ಯಾಯಮಂಡಳಿಗಳಲ್ಲಿ ಅಧಿಕಾರಿಯ ಜೊತೆ ಊರಿನ ಸದಸ್ಯರೂ ಕೂರುತ್ತಿದ್ದರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಒಕ್ಕಲು ತನ್ನ ಮಾತನ್ನು ತಾನೇ ಆಡಬಹುದಿತ್ತು.

ನಮ್ಮ ಕಡೆ ಈ ಅರ್ಜಿಗೆ ಇಂದಿಗೂ 'ಡಿಕ್ಲರೇಶನ್' ಎಂದೇ ಹೆಸರು. 'ಅವ ಡಿಕ್ಲರೇಶನ್ ಕೊಟ್ಟ' ಎಂಬ ಮಾತಿನಲ್ಲಿ ಕೊಟ್ಟವನಿಗೆ ಧೈರ್ಯದ, ಕಳೆದುಕೊಂಡವನಿಗೆ ದ್ರೋಹದ ದನಿ. ಅಜ್ಜ ಅರ್ಜಿ ಕೊಡುವ ಸುದ್ದಿ ತಿಳಿದು ಒಡೆಯರೇ ನಮ್ಮ ಅಂಗಳಕ್ಕೆ ಬಂದರಂತೆ. ಬೈಯಲು ಬಂದದ್ದಲ್ಲ. ಮೆತ್ತಗೆ, "ನಾನ್ ಇಪ್ಪತನಕ ನಿಮ್ಮನ್ನ ಯಾರೂ ಎಬ್ಸುದಿಲ್ಲ. ಕಾಗ್ದ ಎಂತಕೆ?" ಎಂದರಂತೆ. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದು ಅಮ್ಮಮ್ಮ ಕೊನೆಯವರೆಗೂ ನಂಬಿದ್ದರು. ಅಜ್ಜ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ಹೋಗಿ ಅರ್ಜಿ ಕೊಟ್ಟುಬಂದರು. 1977ರಲ್ಲಿ ತೀರ್ಮಾನ ಅವರ ಪರವಾಗಿ ಆಯಿತು. ಮರುವರ್ಷ ಮನೆಗೆ ಹೆಂಚು ಬಂತು. ಮೂವತ್ತು ವರ್ಷ ಬದುಕಿದ ಮನೆಗೆ ಅಜ್ಜ ಮತ್ತೊಮ್ಮೆ ಒಕ್ಕಲು ಮಾಡಿ ಊರಿಗೆಲ್ಲ ಊಟ ಹಾಕಿಸಿದರು.

ನಮ್ಮ ಮನೆಯಲ್ಲಿ ಇತಿಹಾಸ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತಿತ್ತು. ಹೇಳಿಕೊಳ್ಳಲು ಹಿತವಾದ ಜಾಗ ಇದು.

*

ಅಜ್ಜ ಹೋದ ಎಷ್ಟೋ ವರ್ಷಗಳ ಮೇಲೆ ಅವರ ತಗಡಿನ ಪೆಟ್ಟಿಗೆಯನ್ನು ನಾನು ಬಿಡಿಸಿದೆ. ಗೇಣಿ ಚೀಟಿಗಳು, ತೀರ್ವೆ ರಶೀದಿಗಳು, ನ್ಯಾಯಮಂಡಳಿಯ ತೀರ್ಪಿನ ನಕಲು. ಅವುಗಳ ಅಡಿಯಲ್ಲಿ ನಾಲ್ಕಾಗಿ ಮಡಿಸಿದ ಇನ್ನೊಂದು ಅರ್ಜಿ. ಅದರಲ್ಲಿ ಅಜ್ಜನ ಸಹಿ ಇರಲಿಲ್ಲ, ನೀಲಿ ಶಾಯಿಯ ಹೆಬ್ಬೆಟ್ಟಿತ್ತು. ತೋಟದಾಚೆಯ ಮನೆಯ ಯಜಮಾನನದ್ದು.

ಭೂಸುಧಾರಣಾ ಕಾಯ್ದೆ 'ಭೂಮಿ' ಎಂಬ ಪದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಗದ್ದೆ, ತೋಟ, ಹುಲ್ಲುಗಾವಲು ಎಲ್ಲ ಇವೆ. ಮನೆ ನಿವೇಶನ ಮಾತ್ರ ಇಲ್ಲ. ಅದನ್ನು ಬಿಡಿಸಿಯೇ ಹೇಳಿದೆ. ಉಳುವವನಿಗೆ ಹೊಲ ಸಿಕ್ಕಿತು, ಆದರೆ ಉಳುವವನ ಆಳಾಗಿ ಗದ್ದೆಯಂಚಿನಲ್ಲಿ ಬಿಡಾರ ಹಾಕಿದವನಿಗೆ ಆ ದಾರಿಯಲ್ಲಿ ಏನೂ ಸಿಗುವಂತಿರಲಿಲ್ಲ. ಅವನಿಗಾಗಿ ಕಾಯ್ದೆಯಲ್ಲಿ 38ನೇ ಕಲಮಿತ್ತು. ಬೇರೆಯವರ ಜಮೀನಿನಲ್ಲಿ ವಾಸಿಸುವ ಕೃಷಿ ಕಾರ್ಮಿಕ ತನ್ನ ಮನೆಗೂ ಅದರ ಅಡಿಯ ಜಾಗಕ್ಕೂ ಒಡೆಯನಾಗಬಹುದು ಎಂದು 1970ರ ದಶಕದ ತಿದ್ದುಪಡಿಗಳು ಅದರಲ್ಲಿ ಸ್ಪಷ್ಟ ಮಾಡಿದವು. ಫಾರಂ 7ಕ್ಕೆ 1979ರ ಜೂನ್ 30 ಕೊನೆಯ ದಿನವಾಗಿತ್ತು. ಆ ಹೊತ್ತಿನಲ್ಲೇ ಊರೂರು ತಿರುಗುತ್ತಿದ್ದ ಯಾರೋ ಒಬ್ಬರು ಕೂಲಿಯವರಿಗೆ ಈ ಇನ್ನೊಂದು ಅರ್ಜಿಯನ್ನೂ ಬರೆದುಕೊಟ್ಟಿದ್ದರು.

ಅದು ನಮ್ಮ ಪೆಟ್ಟಿಗೆಗೆ ಬಂದದ್ದು ಹೇಗೆ ಎಂದು ಅಮ್ಮಮ್ಮನನ್ನು ಕೇಳಿದೆ. ಅವರು ಬಹಳ ಹೊತ್ತು ವೀಳ್ಯದೆಲೆಯ ನಾರು ತೆಗೆಯುತ್ತ ಕೂತರು. ಆಮೇಲೆ ಹೇಳಿದರು. ಸುದ್ದಿ ಕೇಳಿದ ಸಂಜೆ ಅಜ್ಜ ಗುಡ್ಡೆ ಬುಡದ ಮನೆಗೆ ಹೋದರಂತೆ. ಬೈಯಲು ಹೋದದ್ದಲ್ಲ. ಮೆತ್ತಗೆ, "ನಾನ್ ಇಪ್ಪತನಕ ನಿಮ್ಮನ್ನ ಯಾರೂ ಎಬ್ಸುದಿಲ್ಲ. ಕಾಗ್ದ ಎಂತಕೆ?" ಎಂದು ಕೇಳಿದರಂತೆ. ಮರುದಿನ ಬೆಳಿಗ್ಗೆ ಆ ಯಜಮಾನ ತಾನೇ ಬಂದು ಅರ್ಜಿಯನ್ನು ಅಜ್ಜನ ಕೈಗೆ ಕೊಟ್ಟು ಗದ್ದೆಗಿಳಿದ.

ಒಂದೊಂದು ಅಕ್ಷರವೂ ಅದೇ ಮಾತಾಗಿತ್ತೋ, ಅಮ್ಮಮ್ಮನ ನೆನಪಿನಲ್ಲಿ ಎರಡೂ ಒಂದಾದವೋ ನಾನು ಹೇಳಲಾರೆ. ಇನ್ನೊಂದು ಮಾತನ್ನೂ ಅವರು ಹೇಳಿದರು. ಮೊದಲೆಲ್ಲ ಆ ಮನೆಯವರು ಅಜ್ಜನನ್ನು 'ಅಣ್ಣ' ಎಂದು ಕರೆಯುತ್ತಿದ್ದರು. ಹೆಂಚಿನ ಮಾಡು ಬಂದ ಮೇಲೆ 'ಒಡೇರೆ' ಎಂದು ಕರೆಯತೊಡಗಿದರು. ಹಾಗೆ ಕರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಅಜ್ಜ ಕೆಟ್ಟವರಾಗಿರಲಿಲ್ಲ. ಮಾತು ಕೊಟ್ಟಂತೆ ಅವರನ್ನು ಎಬ್ಬಿಸಲೂ ಇಲ್ಲ. ಆದರೆ ಒಳ್ಳೆಯ ಒಡೆಯನ ಮಾತಿಗೂ ಕಾಗದಕ್ಕೂ ಇರುವ ಅಂತರ ಏನೆಂದು ಆ ಊರಿನಲ್ಲಿ ಅವರಷ್ಟು ಚೆನ್ನಾಗಿ ತಿಳಿದವರು ಬೇರೆ ಯಾರೂ ಇರಲಿಲ್ಲ. ಮಾತು ಒಡೆಯನ ಆಯುಷ್ಯದಷ್ಟೇ ಉದ್ದ. ಅದು ಗೊತ್ತಿದ್ದೇ ಅವರು ಎರಡು ರಾತ್ರಿ ನಿದ್ದೆಗೆಟ್ಟು ಅರ್ಜಿ ಕೊಟ್ಟದ್ದು.

*

ಇದು ಒಂದು ಮನೆಯ ಕಥೆ ಮಾತ್ರವಲ್ಲ ಎಂಬುದು ಆಮೇಲೆ ಓದುತ್ತ, ತಿರುಗುತ್ತ ತಿಳಿಯಿತು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ 'ಲೈನ್ ಮನೆ'ಗಳಿವೆ. ಕಾರ್ಮಿಕರಿಗೆ ವಸತಿ ಕೊಡುವುದು ಮಾಲೀಕರ ಹೊಣೆ ಎಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತ್ತು. ಒಳ್ಳೆಯದೇ. ಆದರೆ ಆ ಮನೆ ಕೆಲಸದ ಬಾಲ. ಅಪ್ಪ, ಮಗ, ಮೊಮ್ಮಗ ಮೂರು ತಲೆಮಾರು ಅದೇ ಗೋಡೆಗಳ ನಡುವೆ ಹುಟ್ಟಿದರೂ ಕೆಲಸ ನಿಂತ ದಿನ ಮನೆಯೂ ನಿಲ್ಲುತ್ತದೆ. ಬಾಡಿಗೆ ಕೊಡದ ಕಾರಣ ಅವರು ಬಾಡಿಗೆದಾರರಲ್ಲ, ಒಡೆಯರಂತೂ ಅಲ್ಲ.

ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪುಗಳದ್ದು ಇನ್ನೊಂದು ಬಗೆ. ಅಲ್ಲಿ ಮನೆಗಳು, ಗುಡಿ, ಶಾಲೆ ಎಲ್ಲ ಇದ್ದೂ ಕಂದಾಯ ದಾಖಲೆಯಲ್ಲಿ ಊರೇ ಇರುವುದಿಲ್ಲ. ಕಾಗದದಲ್ಲಿ ಅದು ಯಾರದ್ದೋ ಜಮೀನು ಅಥವಾ ಸರ್ಕಾರಿ ಜಾಗ. 2017ರಲ್ಲಿ ಭೂಸುಧಾರಣಾ ಕಾಯ್ದೆಗೆ 38ಎ ಎಂಬ ಕಲಮು ಸೇರಿ ಇಂಥ ದಾಖಲೆಯಿಲ್ಲದ ವಸತಿಗಳ ಜನರಿಗೆ ಮನೆ ಜಾಗದ ಹಕ್ಕು ಕೊಡಲು ದಾರಿಯಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಸಮಾರಂಭ ನಡೆಯಿತು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನ. ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನ ಎಲ್ಲೆಯನ್ನು ಹೇಳಿದ ಪುಸ್ತಕದ ಊರಿನಲ್ಲಿ, ತಮ್ಮ ಮನೆಯ ಎಲ್ಲೆ ಯಾವುದೆಂದು ಹೇಳುವ ಕಾಗದಕ್ಕಾಗಿ ಅಷ್ಟು ಜನ ಕಾದಿದ್ದರು. ಮೂಲಗೇಣಿಯ ಕೃಷಿಯೇತರ ಜಾಗಗಳಿಗಂತೂ ನಮ್ಮ ಕರಾವಳಿಯಲ್ಲಿ ಭೂಸುಧಾರಣೆ ತಾಗಲೇ ಇಲ್ಲ. ಅದಕ್ಕೆ 2011ರಲ್ಲಿ ಬೇರೆಯೇ ಕಾಯ್ದೆ ಬರೆಯಬೇಕಾಯಿತು.

ಅರಸರ ಕಾಲದ ಜನತಾ ಮನೆಗಳಿಂದ ಆಶ್ರಯದವರೆಗೆ ಸರ್ಕಾರ ಕಟ್ಟಿಸಿದ ಮನೆಗಳ ಸಾಲು ದೊಡ್ಡದು. ಎಷ್ಟೋ ಕಡೆ ಹಕ್ಕುಪತ್ರ ಹೆಂಗಸರ ಹೆಸರಿಗೆ ಬಂದದ್ದು ಸಣ್ಣ ಮಾತಲ್ಲ. ನಮ್ಮಮ್ಮಮ್ಮನ ಹೆಸರು ಒಂದು ಪಹಣಿಯಲ್ಲೂ ಇರಲಿಲ್ಲ. ಆದರೆ ಈ ಮನೆಗಳಿಗೆಲ್ಲ ಮೊದಲ ಷರತ್ತು ಒಂದೇ: ನಿವೇಶನ ನಿಮ್ಮ ಹೆಸರಿನಲ್ಲಿರಬೇಕು. ಗುಡ್ಡೆ ಬುಡದ ಅಜ್ಜಿಗೆ ಕಟ್ಟಲು ಹಣ ಮಂಜೂರಾಗುವ ಅವಕಾಶ ಎರಡು ಸಲ ಬಂದು ಎರಡು ಸಲ ತಪ್ಪಿತು. ಜಾಗ ನಮ್ಮ ಪಹಣಿಯಲ್ಲಿತ್ತು. ಅವಳ ಮನೆ ಸರ್ಕಾರಿ ಜಾಗದಲ್ಲಿದ್ದಿದ್ದರೆ 94ಸಿ ಅರ್ಜಿ ಹಾಕಬಹುದಿತ್ತು. ಅವಳಿದ್ದುದು ನಾಲ್ಕು ಮಾರು ಈಚೆಗೆ, ನಮ್ಮ ಗಡಿಯೊಳಗೆ.

ಈಗ ನಮ್ಮೂರಿನಲ್ಲಿ ನಿಜವಾದ ಬಾಡಿಗೆಯೂ ಬಂದಿದೆ. ಮುಂಬೈ, ಬೆಂಗಳೂರಿನಲ್ಲಿ ಹೋಟೆಲು ಮಾಡಿದವರು ಕಟ್ಟಿಸಿದ ದೊಡ್ಡ ಮನೆಗಳಿಗೆ ಬೀಗ ಬಿದ್ದಿದೆ. ಪೇಟೆಯ ಬದಿಯ ಕೋಣೆಗಳಲ್ಲಿ ಬ್ಯಾಂಕಿನವರು, ಟೀಚರುಗಳು, ಉತ್ತರ ಕರ್ನಾಟಕದಿಂದ ಕಲ್ಲಿನ ಕೆಲಸಕ್ಕೆ ಬಂದ ಕುಟುಂಬಗಳು ಇವೆ. ಅವರಿಗೆ ಅಡ್ವಾನ್ಸು, ತಿಂಗಳ ಬಾಡಿಗೆ, ಬಿಡುವುದಾದರೆ ಮೊದಲೇ ತಿಳಿಸುವ ಕರಾರು. ವಿಚಿತ್ರವೆಂದರೆ ಆ ಕೋಣೆಯ ಬಾಡಿಗೆದಾರನ ಕೈಯಲ್ಲಿ ಒಂದು ಕಾಗದವಾದರೂ ಇದೆ. ಐವತ್ತು ವರ್ಷ 'ಸ್ವಂತ ಮನೆ'ಯಲ್ಲಿದ್ದವಳ ಕೈಯಲ್ಲಿ ಅದೂ ಇರಲಿಲ್ಲ.

*

ಅಜ್ಜಿ 2016ರಲ್ಲಿ ತೀರಿಕೊಂಡಳು. ಅಜ್ಜನ ಆಸ್ತಿ ಪಾಲಾದಾಗ ಗುಡ್ಡೆ ಬುಡ ನನ್ನ ಅಪ್ಪಯ್ಯನ ಪಾಲಿಗೆ ಬಂದಿತ್ತು. ಈಗ ಪಹಣಿಯಲ್ಲಿ ನನ್ನ ಹೆಸರಿದೆ. ಅಲ್ಲಿಗೆ 'ನಾನ್ ಇಪ್ಪತನಕ' ಎಂಬ ಮಾತು ಮೂರನೆಯ ತಲೆಮಾರಿಗೆ ನನ್ನ ಬಾಯಿಗೆ ಬಂದು ನಿಂತಿತು. ಅದನ್ನು ಹೇಳುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು. ಅದರಲ್ಲಿ ಸುಳ್ಳಿಲ್ಲ, ಖರ್ಚೂ ಇಲ್ಲ.

ಕೊಡುವುದು ಅಷ್ಟು ಸುಲಭವಲ್ಲ. ಐದು ಸೆಂಟ್ಸ್ ಜಾಗವನ್ನು ದೊಡ್ಡ ಸರ್ವೆ ನಂಬರಿನಿಂದ ಬಿಡಿಸಿ ಕೊಡಲು 11ಇ ನಕ್ಷೆಯಾಗಬೇಕು, ಅಳತೆಯವರು ಬರಬೇಕು, ನೋಂದಣಿಯಾಗಬೇಕು. ಮನೆಯಲ್ಲೂ ಮಾತು ಬಂತು. "ಈಗೆಂತ ಅರ್ಜೆಂಟು, ಅವರನ್ನ ಯಾರು ಎಬ್ಬಿಸಿದ್ರು?" ಎಂದು ನನ್ನ ಸಂಬಂಧಿಕರೊಬ್ಬರು ಕೇಳಿದರು. ರಸ್ತೆ ಅಗಲವಾದ ಮೇಲೆ ಆ ಜಾಗಕ್ಕೆ ಬಂದ ಬೆಲೆಯನ್ನೂ ನೆನಪಿಸಿದರು. ನನ್ನ ಬಳಿ ದೊಡ್ಡ ಉತ್ತರವೇನೂ ಇರಲಿಲ್ಲ. ಪೆಟ್ಟಿಗೆಯಿಂದ ಆ ಹೆಬ್ಬೆಟ್ಟಿನ ಕಾಗದ ತೆಗೆದು ಮೇಜಿನ ಮೇಲಿಟ್ಟೆ.

ಕಳೆದ ಮಳೆಗಾಲಕ್ಕೆ ಮೊದಲು ನಕ್ಷೆಗೆ ಅರ್ಜಿ ಹಾಕಿದ್ದೇನೆ. ಅಳತೆ ಇನ್ನೂ ಆಗಿಲ್ಲ. ಅಜ್ಜಿಯ ಮಗ ನನಗಿಂತ ಹತ್ತು ವರ್ಷ ದೊಡ್ಡವನು. ಅವನಿಗೆ ವಿಷಯ ತಿಳಿಸಲು ಹೋದಾಗ ಅವನು ಸಂತೋಷವನ್ನೇನೂ ತೋರಿಸಲಿಲ್ಲ. ನಂಬಿಕೆಯನ್ನೂ ತೋರಿಸಲಿಲ್ಲ. "ಕಾಗ್ದ ಆಯ್ಲಿ ಕಾಂಬ" ಅಂದ. ಹೊರಟವನನ್ನು ಅಂಗಳದ ತುದಿಯವರೆಗೆ ಬಿಡಲು ಬಂದು, ಮಾಡಿನ ಕಡೆ ಕೈತೋರಿಸಿ, ಆದರೆ ಹಂಚು ಬದಲಿಸಿ ಒಂದು ಒಕ್ಲು ಮಾಡುವುದು ತಾಯಿಯ ಆಸೆಯಾಗಿತ್ತು ಎಂದ. ಅರವತ್ತು ವರ್ಷದ ಹಿಂದೆ ಅವಳು ಕಾಲಿಟ್ಟ ಮನೆ ಅದು. ಅವಳಿಗೆ ಅಲ್ಲಿ ಒಕ್ಲು ಆಗಿರಲೇ ಇಲ್ಲ.